ಹತ್ತು ಸೆಂಟಿಮೀಟರ್ ಹೆಣಿಗೆ, ಎರಡೇ ಎರಡು ಬಿಸ್ಕತ್ತು

ಉಲನ್ ಅಂಗಡಿಗೆ ಹೋದ ದೊಡ್ಡವರು ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ಬೆಲೆ ಕೇಳುತ್ತೇವೆ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ಏನು ಅಚ್ಚಾಗಿದೆ ಎಂದು ಓದುವವರು ಕಡಿಮೆ. ಐದು ವರ್ಷದ ಮಗುವನ್ನು ಅದೇ ಕಪಾಟಿನ ಮುಂದೆ ಬಿಟ್ಟು ನೋಡಿ. ನೇರವಾಗಿ ಕೈ ಹಾಕುತ್ತದೆ, ಹಿಸುಕುತ್ತದೆ, ಕೆನ್ನೆಗೆ ಒತ್ತಿಕೊಳ್ಳುತ್ತದೆ, ಮೂಸಿಯೂ ನೋಡುತ್ತದೆ. ನೂಲು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ನಮ್ಮ ಬೆರಳ ತುದಿಗಳು ಒರಟುತನಕ್ಕೆ ಒಗ್ಗಿಹೋಗಿರುತ್ತವೆ. ಚುಚ್ಚುವ ನೂಲನ್ನು ಕತ್ತು, ಕೆನ್ನೆ, ಮುಂಗೈ ಒಳಭಾಗದ ತೆಳು ಚರ್ಮ ಬೇಗ ಗುರುತಿಸುತ್ತದೆ. ಸ್ವೆಟರ್ ತಾಗುವುದೂ ಅಲ್ಲೇ ತಾನೆ?

ನನ್ನ ಮಗಳಿಗೆ ಈಗ ಐದು. ರಜೆಯ ಮಧ್ಯಾಹ್ನಗಳಲ್ಲಿ ನಮ್ಮಿಬ್ಬರದು ಎರಡು ಕೆಲಸ. ಪೇಟೆಯಿಂದ ತಂದ ಹೊಸ ನೂಲುಗಳ ಮಾದರಿ ಹೆಣೆಯುವುದು ಒಂದು, ಪುಟ್ಟ ಓವನ್‌ನಲ್ಲಿ ಬಿಸ್ಕತ್ತು, ಬನ್ನು, ಕೇಕ್ ಬೇಯಿಸುವುದು ಇನ್ನೊಂದು. ಮಕ್ಕಳ ಜೊತೆ ಕೈಕೆಲಸಕ್ಕೆ ಕೂತಾಗ ಪೂರ್ತಿ ಸ್ವೆಟರ್, ಮೂರಂತಸ್ತಿನ ಕೇಕ್ ಎಂದು ಹೊರಟರೆ ಕೊನೆಗೆ ಎಲ್ಲವನ್ನೂ ಅಮ್ಮನೇ ಮಾಡಿ ಮುಗಿಸಬೇಕಾಗುತ್ತದೆ, ಮಗು ಪಕ್ಕದಲ್ಲಿ ನೋಡುತ್ತ ಕೂರುತ್ತದೆ. ಹತ್ತು ಸೆಂಟಿಮೀಟರ್ ಚೌಕದ ಹೆಣಿಗೆ, ಮೊದಲ ಸರದಿಗೆ ಎರಡೇ ಬಿಸ್ಕತ್ತು ಅಂದರೆ ಮಗುವಿನ ತಾಳ್ಮೆಯೂ ಸಾಲುತ್ತದೆ, ಕೈಯೂ ಸಾಲುತ್ತದೆ. ವಸ್ತು ಯಾವುದು, ಅದರ ಗುಣವೇನು, ನಮ್ಮ ಕೈಗೆ ಅದು ಹೇಗೆ ಬಗ್ಗುತ್ತದೆ ಎಂಬುದೆಲ್ಲ ಅಷ್ಟರಲ್ಲೇ ತಿಳಿದುಬಿಡುತ್ತದೆ. ಈ ಸಣ್ಣ ಮಾದರಿಯೇ ಅಸಲಿ ಕೆಲಸ ಎಂಬುದು ನನ್ನ ನಂಬಿಕೆ.

ಪಟ್ಟಿಯಲ್ಲಿ ಏನಿದೆ?

ಬೆಂಗಳೂರಿನಲ್ಲಿ ಸ್ವೆಟರ್ ಹೆಣೆಯುವಷ್ಟು ಚಳಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಈ ಊರಿನ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಈಗಿನ ಚಳಿಗಾಲದ ಬೆಳಗುಗಳು ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತವೆ, ಹತ್ತು ಗಂಟೆಗೆಲ್ಲ ಬಿಸಿಲು ಬಂದುಬಿಡುತ್ತದೆ. ಇಲ್ಲಿನ ಮಕ್ಕಳಿಗೆ ಬೇಕಾದದ್ದು ತೆಳುವಾದ ತೋಳಿಲ್ಲದ ಸ್ವೆಟರ್, ಟೋಪಿ, ಕಾಲುಚೀಲ. ಶಿಮ್ಲಾಕ್ಕೆ ಒಪ್ಪುವ ದಪ್ಪ ನೂಲು ಇಲ್ಲಿ ಬೆವರು ಬರಿಸುತ್ತದೆ ಅಷ್ಟೆ.

ಚಿಕ್ಕಪೇಟೆ, ಮಾಮೂಲುಪೇಟೆಯ ಗಲ್ಲಿಗಳಲ್ಲಿ ಉಲನ್ ಎಂದು ಮಾರುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ತೆಗೆದ ಎಳೆ ಅದು. ಅಮೆರಿಕದ ಡುಪಾಂಟ್ ಕಂಪನಿ 1950ರಲ್ಲಿ ಆರ್ಲಾನ್ ಎಂಬ ಹೆಸರಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿತು. ನಮ್ಮಲ್ಲಿ ಹೆಣಿಗೆ ನೂಲಿಗೂ ಸಿದ್ಧ ಸ್ವೆಟರ್‌ಗಳಿಗೂ ಲೂಧಿಯಾನವೇ ತವರು. ಚಳಿಗಾಲ ಬಂತೆಂದರೆ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಸ್ವೆಟರ್ ಹರಡಿ ಕೂರುವ ಟಿಬೆಟನ್ನರ ಸರಕೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಅಕ್ರಿಲಿಕ್ ಅಗ್ಗ, ಬಣ್ಣ ಬಿಡುವುದಿಲ್ಲ, ನುಸಿ ತಿನ್ನುವುದಿಲ್ಲ, ವಾಷಿಂಗ್ ಮೆಷಿನ್‌ಗೆ ಹೆದರುವುದಿಲ್ಲ. ಓಡಾಡಿ ಮಣ್ಣಾಡುವ ಮಗುವಿನ ಟೋಪಿಗೆ ಅದು ಒಳ್ಳೆಯ ನೂಲೇ. ಆದರೆ ಬೆವರನ್ನು ಹೀರಿಕೊಳ್ಳುವುದಿಲ್ಲ, ಬೆಂಕಿ ತಾಗಿದರೆ ಕರಗುತ್ತದೆ. ಈ ಎರಡು ಸಂಗತಿ ಗೊತ್ತಿದ್ದು ಕೊಳ್ಳಬೇಕು.

ಪಟ್ಟಿಯೇ ಇಲ್ಲದ ಬಿಡಿ ಲಡಿ ಸಿಕ್ಕಿದರೆ ಏನು ಮಾಡುವುದು? ಅಂಗುಲದಷ್ಟು ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿಗೆ ತಾಗಿಸಿ ನೋಡುವ ಹಳೆಯ ಪರೀಕ್ಷೆಯೊಂದಿದೆ. ದೊಡ್ಡವರು ಮಾಡಬೇಕು, ಮಗು ಮೇಜಿನ ಆಚೆ ನಿಂತು ನೋಡಬೇಕು. ಅಸಲಿ ಉಣ್ಣೆ ಒಲ್ಲದ ಮನಸ್ಸಿನಿಂದ ಉರಿಯುತ್ತದೆ, ಬೆಂಕಿ ತೆಗೆದರೆ ಆರಿಹೋಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿ ಬೂದಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಹಗುರ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗುತ್ತ ಉರಿದು ಕೊನೆಗೆ ಗಟ್ಟಿ ಕರಿ ಮಣಿಯಾಗಿ ನಿಲ್ಲುತ್ತದೆ. ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಮಗಳು ಕೇಳಿದಳು, "ಅಮ್ಮ, ಕುರಿ ಕೂದಲೂ ನನ್ನ ಕೂದಲೂ ಒಂದೇನಾ?" ಹೌದು, ಎರಡೂ ಕೆರಾಟಿನ್ ಎಂಬ ಒಂದೇ ಪ್ರೋಟೀನಿನಿಂದ ಆದವು. ಶಾಲೆಯಲ್ಲಿ ಮುಂದೆಂದೋ ಬರುವ ಪಾಠ ಮೂಗಿನಿಂದಲೇ ಬಂದುಬಿಟ್ಟಿತು.

ಈಚೆಗೆ ಅಂಗಡಿಗಳಲ್ಲಿ ಹೊಸ ಹೆಸರುಗಳ ಸಾಲೇ ಇದೆ. ಬಿದಿರಿನ ನೂಲು, ಮಿಲ್ಕ್ ಕಾಟನ್, ಶನೀಲ್, ತೋಳಿನಷ್ಟು ದಪ್ಪದ ಚಂಕಿ ನೂಲು. ಶನೀಲಿಗೆ ಮಗಳು ಇಟ್ಟ ಹೆಸರು ಬೆಕ್ಕು. ಸವರಿ ಸವರಿ ಅವಳಿಗೆ ಸಾಕೇ ಆಗಲಿಲ್ಲ. ಹೆಣೆಯಲು ಮಾತ್ರ ಅದು ಕಷ್ಟದ ನೂಲು. ತುಪ್ಪಳದ ನಡುವೆ ಕುಣಿಕೆ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಂದ ತಡವಿ ಹುಡುಕಬೇಕು. ಬಿಚ್ಚಿದರೆ ತುಪ್ಪಳ ಉದುರುತ್ತದೆ. ಕಲಿಯುವ ಕೈಗೆ ಇದನ್ನು ಕೊಡಬೇಡಿ. ಕಲಿಯುವವರಿಗೆ ತಿಳಿ ಬಣ್ಣದ, ನಯವಾದ, ಮಧ್ಯಮ ದಪ್ಪದ ನೂಲೇ ಸರಿ, ಏಕೆಂದರೆ ಪ್ರತಿ ಕುಣಿಕೆಯೂ ಕಣ್ಣಿಗೆ ಕಾಣಬೇಕು.

ಮಿಲ್ಕ್ ಕಾಟನ್ ಎಂಬ ಹೆಸರು ಕೇಳಿದ ಮಗುವಿಗೆ ಹಾಲಿನಿಂದ ದಾರ ಬರುವುದು ಹೇಗೆ ಎಂಬ ಪ್ರಶ್ನೆ ಏಳದೆ ಇರುತ್ತದೆಯೆ? ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಹತ್ತಿ, ಅಕ್ರಿಲಿಕ್ ಬೆರಕೆ. ಆದರೆ ಹಾಲಿನಿಂದ ನಿಜಕ್ಕೂ ನೂಲು ತೆಗೆದಿದ್ದಾರೆ. 1930ರ ದಶಕದಲ್ಲಿ ಇಟಲಿಯ ಅಂಟೋನಿಯೊ ಫೆರೆಟ್ಟಿ ಎಂಬವರು ಹಾಲಿನ ಕೇಸೀನ್ ಪ್ರೋಟೀನನ್ನು ಬೇರ್ಪಡಿಸಿ, ದ್ರಾವಣ ಮಾಡಿ, ಸಣ್ಣ ತೂತುಗಳಿಂದ ಎಳೆಯಾಗಿ ಹೊರಡಿಸಿ ಗಟ್ಟಿಮಾಡಿದರು. ಲಾನಿಟಾಲ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂತು. ನಾವು ಮನೆಯಲ್ಲಿ ಅರ್ಧ ಲೀಟರ್ ಹಾಲು ಕಾಯಿಸಿ ನಿಂಬೆರಸ ಹಿಂಡಿ ಒಡೆಸಿದೆವು. ಬಟ್ಟೆಯಲ್ಲಿ ಸೋಸಿದಾಗ ಉಳಿದ ಬಿಳಿ ಮುದ್ದೆಯನ್ನು ಮಗಳು ಎಳೆದು ಎಳೆದು ನೋಡಿದಳು. ದಾರವೇನೂ ಬರಲಿಲ್ಲ, ಆದರೆ ಕೇಸೀನ್ ಎಂಬುದು ಏನೆಂದು ಕೈಗೆ ಗೊತ್ತಾಯಿತು. ಸೋಸಿದ ನೀರಿನಲ್ಲಿ ಬನ್ನಿಗೆ ಹಿಟ್ಟು ಕಲಸಿದೆವು. ಬನ್ನು ಮೃದುವಾಗಿ ಬಂತು.

ಬಿದಿರಿನ ನೂಲಿನ ಬಗ್ಗೆ ಮಾತ್ರ ನಾನು ತುಸು ಗಟ್ಟಿಯಾಗಿಯೇ ಹೇಳಬೇಕು. ಪಟ್ಟಿಯ ಮೇಲೆ ಹಸಿರು ಎಲೆಯ ಚಿತ್ರವಿರುತ್ತದೆ, ಪ್ರಕೃತಿಯ ಮಡಿಲಿಂದ ನೇರ ಬಂತೇನೋ ಎಂಬಂತೆ. ಈ ಮೃದು ನೂಲು ಬಹುಮಟ್ಟಿಗೆ ವಿಸ್ಕೋಸ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ಎಳೆ ತೆಗೆದದ್ದು. ಮರದ ತಿರುಳಿಂದ ಮಾಡುವ ರೇಯಾನಿನ ದಾರಿಯೂ ಇದೇ. ಆ ತಿರುಳಿನ ಕಥೆ ಕರ್ನಾಟಕಕ್ಕೆ ಗೊತ್ತಿಲ್ಲದ್ದಲ್ಲ. ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಮರ ಒದಗಿಸಲು ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಹುಟ್ಟಿತು. ಹಳ್ಳಿಗಳ ಗೋಮಾಳ, ಕಾವಲುಗಳು ನೀಲಗಿರಿ ತೋಪುಗಳಾದವು. ಅದರ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಚಳವಳಿ ಕಟ್ಟಿತು, ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು. 1987ರ ನವೆಂಬರಿನಲ್ಲಿ ಕುಸನೂರು ಎಂಬ ಹಳ್ಳಿಯಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಮೃದುವಾದ ಒಂದು ಉಂಡೆ ನೂಲಿನ ಹಿಂದೆ ಯಾರದೋ ದನ ಮೇಯುವ ನೆಲ ಇದ್ದೀತು. ವಿಸ್ಕೋಸ್ ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಸೆಕೆಗಾಲದ ಮಗುವಿನ ಅಂಗಿಗೆ ಅದು ತಂಪಾದ ನೂಲು, ನಿಜ. ಎಲೆಯ ಚಿತ್ರ ನೋಡಿ ಕೊಳ್ಳಬೇಡಿ, ಅಷ್ಟೆ.

ಅಜ್ಜನ ಗಡ್ಡ

ನಮ್ಮ ಮಾದರಿಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದದ್ದು ದಖನಿ ಕುರಿಯ ಕಪ್ಪು ಉಣ್ಣೆ. ಕೈಯಲ್ಲಿ ನೂತ ಒಂದು ಲಡಿ ಸಿಕ್ಕಿತು. ಮನೆಗೆ ತಂದು ಬಿಚ್ಚಿದರೆ ಕುರಿಜಿಡ್ಡಿನ ವಾಸನೆ, ನಡುನಡುವೆ ಹುಲ್ಲುಕಡ್ಡಿ, ಒಂದೆರಡು ಮುಳ್ಳು. ಮಗಳು ಪೇಪರ್ ಹಾಸಿ ಕೂತು, ಬೆರಳಿನಿಂದ ಒಂದೊಂದೇ ಕಡ್ಡಿ ಆರಿಸಿದಳು. ಕುರಿ ಯಾವ ಹೊಲದಲ್ಲಿ ಮೇಯ್ದಿತ್ತೋ ಆ ಹೊಲದ ಚೂರುಗಳು ಪೇಪರಿನ ಮೇಲೆ ಬಿದ್ದವು. ಉಗುರುಬೆಚ್ಚಗಿನ ನೀರಲ್ಲಿ ಉಜ್ಜದೆ ನೆನೆಸಿಟ್ಟಾಗ ನೀರು ಕಾಫಿ ಬಣ್ಣಕ್ಕೆ ತಿರುಗಿತು. ಒಣಗಿದ ಮೇಲೆ ಕೆನ್ನೆಗೆ ಒತ್ತಿಕೊಂಡು ನೋಡಿ "ಅಜ್ಜನ ಗಡ್ಡ" ಎಂದಳು. ನಮ್ಮ ಮನೆಯಲ್ಲಿ ಆ ನೂಲಿಗೆ ಈಗ ಅದೇ ಹೆಸರು.

ಚುಚ್ಚುವುದಕ್ಕೆ ಕಾರಣವಿದೆ. ಉಣ್ಣೆಯ ನಯವನ್ನು ಎಳೆಯ ದಪ್ಪದಿಂದ ಅಳೆಯುತ್ತಾರೆ, ಅಳತೆ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಲಡಾಖಿನ ಪಶ್ಮೀನಾ ಹನ್ನೆರಡರಿಂದ ಹದಿನೈದು ಮೈಕ್ರಾನ್. ನಯವಾದ ಮೆರಿನೊ ಇಪ್ಪತ್ತರ ಆಸುಪಾಸು. ಎಳೆ ಮೂವತ್ತು ಮೈಕ್ರಾನ್ ದಾಟಿದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ದಖನಿ ಉಣ್ಣೆ ಆ ಗೆರೆಯ ಆಚೆಯದು. ಮಗುವಿನ ಮೈಗೆ ಅದು ಬೇಡ. ಆದರೆ ಮಳೆಗೂ ಬಿಸಿಲಿಗೂ ಬಗ್ಗದ ಗಟ್ಟಿತನ ಆ ಒರಟಿನಲ್ಲೇ ಇದೆ. ಚಳ್ಳಕೆರೆ, ರಾಣೆಬೆನ್ನೂರು ಬಳಿಯ ಮೆಡ್ಲೇರಿ ಮುಂತಾದ ಕಡೆ ಕುರುಬರು ತಲೆಮಾರುಗಳಿಂದ ಕಂಬಳಿ ನೇಯ್ದದ್ದು ಇದೇ ಉಣ್ಣೆಯಲ್ಲಿ. ಹುಣಸೆ ಬೀಜ ಬೇಯಿಸಿ ರುಬ್ಬಿದ ಗಂಜಿ ಹಾಕಿ ನೂಲಿಗೆ ಬಿಗಿ ಕೊಡುತ್ತಾರೆ. ಮಳೆಯಲ್ಲಿ ಹೊದ್ದರೆ ಕೊಪ್ಪೆ, ಮನೆಯಲ್ಲಿ ಹಾಸಿಗೆ, ಶುಭಕಾರ್ಯದಲ್ಲಿ ಗದ್ದುಗೆ.

ಈಗ ಆ ಉಣ್ಣೆಗೆ ಬೆಲೆಯಿಲ್ಲ. ಕತ್ತರಿಸಿದ ಕೂಲಿಯೂ ಹುಟ್ಟದೆ ಕುರಿಗಾರರು ಎಷ್ಟೋ ಕಡೆ ಅದನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಮಾಂಸಕ್ಕಾಗಿ ಯಳಗದಂಥ ಉಣ್ಣೆ ಕಡಿಮೆಯ ತಳಿಗಳ ಕಡೆ ವಾಲಿದವರೂ ಬಹಳ. ಅದೇ ಹೊತ್ತಿಗೆ ನಾವು ಪೇಟೆಯಲ್ಲಿ ಹೊರದೇಶದ ಮೆರಿನೊ ಉಂಡೆಗೆ ಐನೂರು, ಸಾವಿರ ಕೊಡುತ್ತೇವೆ. ದಖನಿ ಉಣ್ಣೆಯಲ್ಲಿ ಚೀಲ, ಕಾಲೊರಸು, ಟೀಪಾಟಿನ ಮುಸುಕು, ಪುಸ್ತಕದ ಹೊದಿಕೆ ಹೆಣೆಯಬಹುದು. ಸೋಪು ಹಾಕಿ ಬಿಸಿನೀರಲ್ಲಿ ಚೆನ್ನಾಗಿ ತಿಕ್ಕಿದರೆ ಎಳೆಗಳ ಮೇಲಿನ ಹುರುಪೆ ಒಂದಕ್ಕೊಂದು ಕಚ್ಚಿಕೊಂಡು ಹೆಣಿಗೆ ಕುಗ್ಗಿ ದಪ್ಪ ಫೆಲ್ಟ್ ಆಗುತ್ತದೆ. ಒಳ್ಳೆಯ ಉಣ್ಣೆ ಸ್ವೆಟರನ್ನು ಮೆಷಿನ್‌ಗೆ ಹಾಕಿ ಗೊಂಬೆಯ ಅಳತೆಗೆ ಇಳಿಸಿಕೊಂಡವರಿಗೆ ಈ ಗುಣದ ಪರಿಚಯ ಇದೆ. ನಾವು ಒಂದು ಚೌಕವನ್ನು ಬೇಕೆಂದೇ ಹಾಗೆ ತಿಕ್ಕಿದೆವು. ಮಗಳಿಗೆ ನೊರೆಯಲ್ಲಿ ಕೈ ಆಡಿಸುವುದೇ ಹಬ್ಬ, ನನಗೆ ನಿಮಿಷ ನಿಮಿಷಕ್ಕೂ ಬಿಗಿಯಾಗುತ್ತ ಬಂದ ಹೆಣಿಗೆಯನ್ನು ನೋಡುವುದು.

ಲೆಕ್ಕ ತಪ್ಪಿದರೆ ಬಿಚ್ಚಬಹುದು

ಮಾದರಿ ಹೆಣೆಯುವುದು ಸಮಯ ಹಾಳು ಎಂದುಕೊಂಡವರಿಗೆ ಒಂದು ಲೆಕ್ಕ ಹೇಳುತ್ತೇನೆ. ಹತ್ತು ಸೆಂಟಿಮೀಟರಿಗೆ ಇಪ್ಪತ್ತೆರಡು ಕುಣಿಕೆ ಬರುತ್ತದೆ ಎಂದು ಪಟ್ಟಿಯಲ್ಲಿದೆ ಅನ್ನಿ. ಮಗುವಿನ ಎದೆಯ ಸುತ್ತಳತೆಗೆ ಅರವತ್ತು ಸೆಂಟಿಮೀಟರ್ ಬೇಕು, ಹಾಗಾಗಿ 132 ಕುಣಿಕೆ ಹಾಕಿಕೊಂಡಿರಿ. ನಿಮ್ಮ ಕೈ ಬಿಗಿ, ಅಷ್ಟೇ ಅಗಲಕ್ಕೆ ಇಪ್ಪತ್ನಾಲ್ಕು ಕುಣಿಕೆ ಹಿಡಿಸುತ್ತದೆ. ಆಗ ಸ್ವೆಟರ್ ಐವತ್ತೈದು ಸೆಂಟಿಮೀಟರಿಗೆ ನಿಲ್ಲುತ್ತದೆ. ಹತ್ತು ಸೆಂಟಿಮೀಟರಿಗೆ ಎರಡೇ ಎರಡು ಕುಣಿಕೆ ವ್ಯತ್ಯಾಸ, ಮಗುವಿನ ತಲೆ ತೂರುವುದೂ ಕಷ್ಟ. ಮಾದರಿಯನ್ನು ಒಗೆದು, ಹರಡಿ ಒಣಗಿಸಿದ ಮೇಲೆಯೇ ಅಳೆಯಬೇಕು. ಹತ್ತಿ ನೀರು ಕಂಡ ಮೇಲೆ ಜೋಲುತ್ತದೆ, ಉಣ್ಣೆ ಅರಳುತ್ತದೆ.

ಕಡ್ಡಿಯ ನಂಬರಿನಲ್ಲೂ ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರು ನಡೆಯುತ್ತದೆ. ಎಂಟನೇ ನಂಬರ್ ಕಡ್ಡಿ ನಾಲ್ಕು ಮಿಲಿಮೀಟರ್, ಹತ್ತನೇ ನಂಬರ್ 3.25 ಮಿಲಿಮೀಟರ್, ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಅಮೆರಿಕದವರ ನಂಬರು ಇದಕ್ಕೆ ಉಲ್ಟಾ, ಅವರ ಎಂಟು ಅಂದರೆ ಐದು ಮಿಲಿಮೀಟರ್. ಮಿಲಿಮೀಟರನ್ನೇ ಕೇಳಿ ಕೊಂಡರೆ ಗೊಂದಲವಿಲ್ಲ. ಒಂದು ಸ್ವೆಟರಿಗೆ ಬೇಕಾಗುವ ಎಲ್ಲ ಉಂಡೆಗಳ ಡೈ ಲಾಟ್ ನಂಬರೂ ಒಂದೇ ಇರಲಿ. ಬೇರೆ ಬೇರೆ ಹದದಲ್ಲಿ ಅದ್ದಿದ ಒಂದೇ ನೀಲಿ, ಬಿಸಿಲಲ್ಲಿ ಎರಡು ನೀಲಿಯಾಗಿ ಕಾಣುತ್ತದೆ.

ಐದು ವರ್ಷದ ಮಗು ಕಡ್ಡಿ ಹಿಡಿದು ಹೆಣೆಯುತ್ತದೆಯೆ? ಕೆಲವರು ಹೆಣೆಯುತ್ತಾರೆ, ಅವಸರವೇನಿಲ್ಲ. ಜರ್ಮನಿಯ ಶ್ಟುಟ್‌ಗಾರ್ಟ್‌ನಲ್ಲಿ 1919ರಲ್ಲಿ ರುಡಾಲ್ಫ್ ಸ್ಟೈನರ್ ಶುರುಮಾಡಿದ ವಾಲ್ಡಾರ್ಫ್ ಪದ್ಧತಿಯ ಶಾಲೆಗಳಲ್ಲಿ ಒಂದನೇ ತರಗತಿಯಲ್ಲೇ ಹುಡುಗ ಹುಡುಗಿಯರೆಲ್ಲ ಹೆಣಿಗೆ ಕಲಿಯುತ್ತಾರೆ. ನಮ್ಮಲ್ಲಿ 1937ರ ವಾರ್ಧಾ ಸಮ್ಮೇಳನದಿಂದ ಹೊರಟ ಗಾಂಧೀಜಿಯ ಬುನಾದಿ ಶಿಕ್ಷಣ ನೂಲುವುದನ್ನು ಪಾಠವಾಗಿಸಿತ್ತು. ಹಳೆಯ ಮೈಸೂರಿನ, ಧಾರವಾಡದ ಶಾಲೆಗಳಲ್ಲಿ ಹಂಜಿ, ತಕಲಿ ಹಿಡಿದು ಕೂತ ನೆನಪು ಈಗಿನ ಅಜ್ಜ ಅಜ್ಜಿಯರಿಗೆ ಇದೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜಿ ಇದ್ದರೆ ಮಗುವಿನ ಪಕ್ಕ ಅವರನ್ನೇ ಕೂರಿಸಿ. ನನ್ನ ಮಗಳದು ಸದ್ಯ ಬೆರಳ ಹೆಣಿಗೆ. ಎಡಗೈಯ ನಾಲ್ಕು ಬೆರಳಿಗೆ ನೂಲನ್ನು ಹಿಂದೆ ಮುಂದೆ ಹಾಯಿಸಿ, ಕೆಳಗಿನ ಕುಣಿಕೆಯನ್ನು ಬೆರಳಿನ ಮೇಲಿಂದ ದಾಟಿಸುವುದು. ಬೆನ್ನ ಹಿಂದೆ ಬಾಲದಂತೆ ಉದ್ದನೆಯ ಪಟ್ಟಿ ಇಳಿಯುತ್ತ ಹೋಗುತ್ತದೆ. ಚೌಕಗಳನ್ನು ಕಡ್ಡಿಯಲ್ಲಿ ಹೆಣೆಯುವವಳು ನಾನು. ಸೀದಾ ಸಾಲು ಯಾವುದು, ಉಲ್ಟಾ ಸಾಲು ಯಾವುದು ಎಂದು ಬೆರಳಾಡಿಸಿ ಹೇಳುವವಳು ಅವಳು.

ಹೆಣಿಗೆಯ ದೊಡ್ಡ ಗುಣ ಅದು ಬಿಚ್ಚುತ್ತದೆ ಎಂಬುದು. ಇಡೀ ಸಾಲು ತಪ್ಪಾಗಲಿ, ಕುಣಿಕೆ ಜಾರಲಿ, ಎಳೆದರೆ ಮತ್ತೆ ಅದೇ ನೂಲು. ಹಿಟ್ಟಿನದು ಬೇರೆ ದಾರಿ. ಕಲಸಿದ ಮೊಟ್ಟೆ ಮತ್ತೆ ಮೊಟ್ಟೆಯಾಗುವುದಿಲ್ಲ, ಬೆಂದ ಕೇಕ್ ಮತ್ತೆ ಹಿಟ್ಟಾಗುವುದಿಲ್ಲ. ಮಕ್ಕಳಿಗೆ ಎರಡನ್ನೂ ಒಂದೇ ಮೇಜಿನ ಮೇಲೆ ಕಲಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಂದರಲ್ಲಿ ಧೈರ್ಯವಾಗಿ ಕೈ ಹಾಕು, ಇನ್ನೊಂದರಲ್ಲಿ ಅಳೆದು ಕೈ ಹಾಕು.

ತಕ್ಕಡಿ, ಹಿಟ್ಟು, ಮಸಿಬಟ್ಟೆ

ನಾವು ಹೆಚ್ಚು ಮಾಡುವುದು ಬೆಣ್ಣೆ ಬಿಸ್ಕತ್ತು. ಕರ್ನಾಟಕದ ಮಗುವಿಗೆ ಬೇಕಿಂಗ್ ಎಂದರೆ ಮೊದಲು ನೆನಪಾಗಬೇಕಾದದ್ದು ಅಯ್ಯಂಗಾರ್ ಬೇಕರಿಯ ಗಾಜಿನ ಕಪಾಟು. 1898ರಲ್ಲಿ ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ತೆರೆದ ಬಿ.ಬಿ. ಬೇಕರಿಯಿಂದ ಶುರುವಾದ ಪರಂಪರೆ ಅದು. ಹಾಸನದ ಸೀಮೆಯಿಂದ ಬಂದ ಕುಟುಂಬಗಳು ಖಾರಾ ಬನ್, ದಿಲ್‌ಪಸಂದ್, ಹನಿಕೇಕ್, ಬೆಣ್ಣೆ ಬಿಸ್ಕತ್ತುಗಳನ್ನು ರಾಜ್ಯದ ಮೂಲೆ ಮೂಲೆಗೂ ಮುಟ್ಟಿಸಿದವು, ಅದೂ ಮೊಟ್ಟೆ ಇಲ್ಲದೆ. ನೂಲಿಗೆಂದು ಪೇಟೆಗೆ ಹೋದಾಗ ಬಿಸ್ಕತ್ತಿನ ಪೊಟ್ಟಣವೂ ಬರುತ್ತದೆ. ನಮ್ಮದನ್ನು ಅದರ ಪಕ್ಕ ಇಟ್ಟು ರುಚಿ ನೋಡುತ್ತೇವೆ.

ಅಳತೆ ಸುಲಭ. ಸಕ್ಕರೆ ಪುಡಿ 50 ಗ್ರಾಂ, ಬೆಣ್ಣೆ 100, ಮೈದಾ 150, ಚಿಟಿಕೆ ಉಪ್ಪು, ಏಲಕ್ಕಿ. ಲೋಟದ ಅಳತೆ ಬೇಡ, ತಕ್ಕಡಿ ಇರಲಿ. ಒಂದೇ ಕಪ್ಪಿಗೆ ಮೈದಾ ಚಮಚದಲ್ಲಿ ಹಗುರವಾಗಿ ತುಂಬಿದರೆ ನೂರಿಪ್ಪತ್ತು ಗ್ರಾಂ, ಒತ್ತಿ ತುಂಬಿದರೆ ನೂರೈವತ್ತು. ಮಗುವಿನ ಕೈ ಒತ್ತದೆ ಇರುವುದಿಲ್ಲ. ತಕ್ಕಡಿಯಿಂದ ಇನ್ನೊಂದು ಪ್ರಯೋಜನ ಕಂಡೆ. ಮೋಟು ಬಟ್ಟಲಿನ ಹಾಲನ್ನು ಉದ್ದ ಲೋಟಕ್ಕೆ ಸುರಿದರೆ ಹಾಲು ಜಾಸ್ತಿಯಾಯಿತು ಎನ್ನುವ ವಯಸ್ಸು ಅವಳದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಇದನ್ನು ಮಕ್ಕಳ ಮೇಲೆ ಪ್ರಯೋಗ ಮಾಡಿ ತೋರಿಸಿದರು, ಏಳು ವರ್ಷದ ಸುಮಾರಿಗೆ ಈ ತಿಳಿವಳಿಕೆ ಬಲಿಯುತ್ತದೆ. ನಾನು ತಿದ್ದಲು ಹೋಗಲಿಲ್ಲ. ತಕ್ಕಡಿಯ ಮೇಲೆ ಇಟ್ಟು ಸುರಿದೆವು, ಅಂಕಿ ಅಲ್ಲೇ ನಿಂತಿತ್ತು. "ಮಿಷನ್ ಕೆಟ್ಟಿದೆ ಅಮ್ಮ," ಎಂದಳು. ಕೆಟ್ಟಿಲ್ಲ ಎಂದು ತಾನೇ ಒಪ್ಪುವ ದಿನ ಬಂದೇ ಬರುತ್ತದೆ.

ಮೈದಾದ ಮೂರರಲ್ಲೊಂದು ಪಾಲಿಗೆ ರಾಗಿ ಹುರಿಹಿಟ್ಟು ಹಾಕಿದರೆ ಬಿಸ್ಕತ್ತಿಗೆ ಬೇರೆಯೇ ಘಮ. ರಾಗಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಇಲ್ಲ. ಉಬ್ಬಿ ನಿಲ್ಲಬೇಕಾದ ಬನ್ನಿಗೆ ಅದು ಕೊರತೆ, ಗರಿಗರಿಯಾಗಿ ಮುರಿಯಬೇಕಾದ ಬಿಸ್ಕತ್ತಿಗೆ ವರ. ಆದರೆ ರಾಗಿ ಬಣ್ಣದಿಂದ ಮೋಸ ಮಾಡುತ್ತದೆ. ಮೈದಾ ಬಿಸ್ಕತ್ತು ಅಂಚು ಹೊಂಬಣ್ಣಕ್ಕೆ ಬಂದಾಗ ಬೆಂದಿತು ಎನ್ನಬಹುದು, ರಾಗಿಯದು ಹಸಿಯಿದ್ದಾಗಲೂ ಕಂದು, ಬೆಂದಾಗಲೂ ಕಂದು. ಮೂಗನ್ನೇ ನಂಬಬೇಕು. ಹಸಿ ಹಿಟ್ಟಿನ ವಾಸನೆ ಹೋಗಿ ಬೆಣ್ಣೆ ಕಾಯಿಸಿದ ಘಮ ಬಂದಾಗ ಬಾಗಿಲು ತೆಗೆಯಬೇಕು.

ಇಲ್ಲಿಯೂ ಮೊದಲು ಮಾದರಿಯೇ. ಎಲ್ಲ ಹಿಟ್ಟನ್ನೂ ತಟ್ಟೆಗೆ ಹಚ್ಚುವ ಮೊದಲು ಎರಡೇ ಬಿಸ್ಕತ್ತು ಇಟ್ಟು, 165 ಡಿಗ್ರಿಯಲ್ಲಿ ಹದಿನೈದು ನಿಮಿಷ ಬೇಯಿಸಿ ನೋಡುತ್ತೇವೆ. ಹರಡಿ ದೋಸೆಯಾದರೆ ಬೆಣ್ಣೆ ಕರಗಿದೆ ಎಂದರ್ಥ, ಉಳಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು. ಬಿರುಕು ಬಿಟ್ಟರೆ ಹಿಟ್ಟು ಒಣಗಿದೆ, ಒಂದು ಚಮಚ ಹಾಲು ಬೇಕು. ಬಿಸಿಯಿದ್ದಾಗ ಬಿಸ್ಕತ್ತು ಮೆತ್ತಗಿರುತ್ತದೆ, ಆರಿದ ಮೇಲೆ ಗರಿಯಾಗುತ್ತದೆ. ಆ ಕಾಯುವಿಕೆ ಮಗುವಿಗೆ ಬಲು ಕಷ್ಟ, ಆದರೆ ಕಾಯದೆ ತೀರ್ಪು ಕೊಡುವಂತಿಲ್ಲ. ಓವನ್ ಇಲ್ಲದವರು ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದು, ತಳಕ್ಕೆ ಉಪ್ಪು ಅಥವಾ ಮರಳು ಹಾಕಿ, ಸ್ಟ್ಯಾಂಡ್ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಡಬ್ಬಿಯಲ್ಲಿ ಹಳತಾದ ಬೇಕಿಂಗ್ ಪೌಡರಿಗೂ ಪರೀಕ್ಷೆ ಇದೆ. ಒಂದು ಚಮಚ ಪುಡಿಗೆ ಬಿಸಿನೀರು ಹಾಕಿ. ಬುರಬುರ ಎಂದರೆ ಜೀವ ಇದೆ, ಸುಮ್ಮನಿದ್ದರೆ ಎಸೆಯಿರಿ.

ಹೆಣಿಗೆಯೂ ಓವನ್ನೂ ಒಂದನ್ನೊಂದು ಮುಟ್ಟುವುದು ಮಸಿಬಟ್ಟೆಯಲ್ಲಿ. ದಪ್ಪ ಹತ್ತಿ ನೂಲಿನ ಚೌಕಗಳನ್ನೂ ದಖನಿ ಉಣ್ಣೆಯ ಚೌಕಗಳನ್ನೂ ನಾಲ್ಕು ನಾಲ್ಕು ಜೋಡಿಸಿ ಹೊಲಿದರೆ ಇಪ್ಪತ್ತು ಸೆಂಟಿಮೀಟರ್ ಅಗಲದ ತುಂಡಾಗುತ್ತದೆ. ಹತ್ತಿ ಒಂದು ಕಡೆ, ಉಣ್ಣೆ ಇನ್ನೊಂದು ಕಡೆ ಬರುವಂತೆ ಎರಡು ಪದರ ಮಾಡಿದರೆ ಬಿಸಿ ತಟ್ಟೆ ಹಿಡಿಯಲು ಗಟ್ಟಿ ಮಸಿಬಟ್ಟೆ. ಅಕ್ರಿಲಿಕ್ ಚೌಕವನ್ನು ಇದಕ್ಕೆ ಅಪ್ಪಿತಪ್ಪಿಯೂ ಸೇರಿಸಬೇಡಿ, ಬಿಸಿ ಲೋಹಕ್ಕೆ ಕರಗಿ ಕೈಗೆ ಅಂಟುತ್ತದೆ. ಒದ್ದೆ ಮಸಿಬಟ್ಟೆಯಲ್ಲೂ ಬಿಸಿ ಪಾತ್ರೆ ಹಿಡಿಯಬೇಡಿ, ನೀರು ಶಾಖವನ್ನು ನೇರ ಕೈಗೆ ದಾಟಿಸುತ್ತದೆ. ಪಟ್ಟಿ ಓದುವುದು ಸುಮ್ಮನೆ ಶೋಕಿಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎಚ್ಚರಿಕೆ ಇನ್ನೂ ಕೆಲವಿವೆ. ಹಸಿ ಹಿಟ್ಟು, ಹಸಿ ಮೊಟ್ಟೆ ಬಾಯಿಗೆ ಹೋಗಬಾರದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೂಡದು. ತೀರ ಚಿಕ್ಕವರಿಗೆ ಇಡೀ ಗೋಡಂಬಿ, ಬಾದಾಮಿ ಕೊಡದೆ ಪುಡಿ ಮಾಡಿ ಹಾಕಿ. ಉದ್ದ ನೂಲು ಕತ್ತಿಗೆ ಸುತ್ತಿಕೊಳ್ಳದಂತೆ ಕಣ್ಣಿಡಿ, ಕಡ್ಡಿ ಹಿಡಿದು ಓಡುವಂತಿಲ್ಲ. ಓವನ್‌ನಿಂದ ತಟ್ಟೆ ತೆಗೆಯುವುದು ಎಂದೆಂದಿಗೂ ದೊಡ್ಡವರ ಕೆಲಸ.

ನೂಲು ಮಾರುವವರಲ್ಲಿ ನನ್ನದೊಂದು ಕೋರಿಕೆ. ಉಂಡೆಯ ಪಟ್ಟಿಯನ್ನು ಕಿತ್ತು ಬಿಡಿಬಿಡಿಯಾಗಿ ಮಾರಬೇಡಿ. ನೂಲು ಯಾವುದು, ಎಷ್ಟು ಪಾಲು ಬೆರಕೆ, ಯಾವ ಕಡ್ಡಿ ಎಂಬುದು ಕನ್ನಡದಲ್ಲೂ ಇರಲಿ. ಕಪಾಟಿನ ಒಂದು ಮೂಲೆಯಲ್ಲಿ ದಖನಿ ಉಣ್ಣೆಯ ನಾಲ್ಕು ಲಡಿ ಇಡಿ, ಕೊಳ್ಳುವವರು ಬರುತ್ತಾರೆ. ಓದುಗರಲ್ಲಿ ಕೋರುವುದಿಷ್ಟೆ. ಈ ಭಾನುವಾರ ಒಂದೇ ಉಂಡೆ ನೂಲು, ನೂರೈವತ್ತು ಗ್ರಾಂ ಹಿಟ್ಟು ಸಾಕು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೊದಲು ಅದರ ಕೈಗೆ ಕೊಡಿ.